ಬೀಗ ತೆಗೆಯುವವನೋ, ಕಳ್ಳನೋ? ಪಾಸ್‌ವರ್ಡ್ ಹುಡುಕಿಕೊಡುವ ಟೂಲ್ ಕಂಡರೆ ಆಂಟಿವೈರಸ್ ಯಾಕೆ ಕೂಗುತ್ತೆ



ಈ ಸಲದ ಕಂತು ಹುಟ್ಟಿದ್ದು ಒಂದು ವಾಯ್ಸ್ ಮೆಸೇಜ್‌ನಿಂದ. ಕಳಿಸಿದವರು ಮೆಲ್ಬರ್ನ್‌ನಲ್ಲಿರುವ ನಮ್ಮ ಕೇಳುಗರೊಬ್ಬರು. ಆದರೆ ಮಾತಾಡಿದ್ದು ಹಾಸನದ ತವರುಮನೆಯಿಂದ. ಹಿಂದೆ ಕುಕ್ಕರ್ ಸೀಟಿ ಕೇಳ್ತಾ ಇತ್ತು. ಅವರ ತಂದೆಗೆ ಸ್ಟ್ರೋಕ್ ಆಗಿದೆ. ಮಾತು ನಿಧಾನವಾಗಿ ವಾಪಸ್ ಬರ್ತಾ ಇದೆ, ಆದರೆ ಹಳೆಯ ಪಾಸ್‌ವರ್ಡ್ ಒಂದೂ ನೆನಪಿಲ್ಲ. ಪಿಂಚಣಿಯ ಕಾಗದ, ಬ್ಯಾಂಕಿನ ಸ್ಟೇಟ್‌ಮೆಂಟ್, ಇನ್ಶೂರೆನ್ಸ್ ಎಲ್ಲವೂ ಬರೋದು ಒಂದೇ ಮೇಲ್ ವಿಳಾಸಕ್ಕೆ. ಹಿಂದೊಮ್ಮೆ ಇಂಟರ್ನೆಟ್ ಕನೆಕ್ಷನ್ ತಗೊಂಡಾಗ ಅದರ ಜೊತೆ ಕೊಟ್ಟಿದ್ದ ವಿಳಾಸ ಅದು. ಪಾಸ್‌ವರ್ಡ್ ಬದಲಿಸೋಣ ಅಂದರೆ ಓಟಿಪಿ ಹೋಗೋದು ಎಂದೋ ಬಿಟ್ಟುಬಿಟ್ಟ ಮೊಬೈಲ್ ನಂಬರ್‌ಗೆ.

ಮನೆಯ ಹಳೇ ಡೆಸ್ಕ್‌ಟಾಪ್‌ನಲ್ಲಿ ಮಾತ್ರ ಮೇಲ್ ಈಗಲೂ ತಾನಾಗಿ ಬಂದು ಬೀಳುತ್ತೆ. ಅಂದರೆ ಪಾಸ್‌ವರ್ಡ್ ಆ ಯಂತ್ರದ ಒಳಗೆ ಎಲ್ಲೋ ಇದೆ, ಸಾಲಾಗಿ ನಿಂತ ಚುಕ್ಕಿಗಳ ಹಿಂದೆ. ಆದರೆ ಹಾರ್ಡ್ ಡಿಸ್ಕ್ ಕಟಕಟ ಅಂತಿದೆ, ರಜೆ ಮುಗಿಯೋಕೆ ಹನ್ನೆರಡು ದಿನ.

ಅವರು ಹುಡುಕಾಡಿ, ಉಳಿಸಿಟ್ಟ ಮೇಲ್ ಪಾಸ್‌ವರ್ಡ್ ತೋರಿಸುವ ಒಂದು ಚಿಕ್ಕ ಟೂಲ್ ಡೌನ್‌ಲೋಡ್ ಮಾಡಿದರು. ಕ್ಷಣದಲ್ಲಿ ಕೆಂಪು ಕಿಟಕಿ: ‘ಅಪಾಯ, ಅಳಿಸಲಾಗಿದೆ.’ ಇನ್ನೊಮ್ಮೆ ಮಾಡಿದರು, ಅದೇ ಕಥೆ. ಮೂರನೇ ಸಲ ಆಂಟಿವೈರಸ್ಸನ್ನೇ ಆಫ್ ಮಾಡೋಣ ಅಂತ ಕೈ ಹೋಗಿತ್ತಂತೆ. ಅಷ್ಟರಲ್ಲಿ ಯಾಕೋ ಅನುಮಾನ ಬಂದು ನಮಗೆ ಮೆಸೇಜ್ ಮಾಡಿದ್ದಾರೆ. ‘ಸುಳ್ಳು ಹೇಳ್ತಿರೋದು ಯಾರು? ಟೂಲಾ, ಆಂಟಿವೈರಸ್ಸಾ?’

ಇಬ್ಬರೂ ಸುಳ್ಳು ಹೇಳ್ತಿಲ್ಲ ಅನ್ನೋದು ನಮ್ಮ ಉತ್ತರ. ಆ ಉತ್ತರ ಅರ್ಥ ಆಗಬೇಕಾದರೆ ಚುಕ್ಕಿಗಳ ಹಿಂದೆ ಏನಿದೆ ಅಂತ ಮೊದಲು ನೋಡಬೇಕು.

ನೀವು ಒಂದು ವೆಬ್‌ಸೈಟಿಗೆ ಲಾಗಿನ್ ಆದಾಗ, ಆ ಕಡೆಯವರು ನಿಮ್ಮ ಪಾಸ್‌ವರ್ಡನ್ನು ಹಾಗೆ ಹಾಗೇ ಇಟ್ಟುಕೊಂಡಿರಬಾರದು. ಅದನ್ನು ಒಂದು ಗಣಿತದ ಯಂತ್ರಕ್ಕೆ ಹಾಕಿ ಅರೆದು, ಬಂದ ಹ್ಯಾಶನ್ನು ಮಾತ್ರ ಇಟ್ಟುಕೊಳ್ಳೋದು ಸರಿಯಾದ ಕ್ರಮ. ದೋಸೆ ಹಿಟ್ಟಿನಿಂದ ಅಕ್ಕಿಕಾಳು ವಾಪಸ್ ತೆಗೆಯೋಕೆ ಆಗಲ್ಲವಲ್ಲ, ಹಾಗೆ ಹ್ಯಾಶ್‌ನಿಂದ ಪಾಸ್‌ವರ್ಡ್ ವಾಪಸ್ ಬರಲ್ಲ. ನೀವು ಮತ್ತೆ ಟೈಪ್ ಮಾಡಿದಾಗ ಅದನ್ನೂ ಅರೆದು, ಎರಡೂ ಹಿಟ್ಟು ಒಂದೇನಾ ಅಂತ ನೋಡ್ತಾರೆ, ಅಷ್ಟೆ.

ಆದರೆ ‘ಈ ಪಾಸ್‌ವರ್ಡ್ ನೆನಪಿಟ್ಟುಕೋ’ ಅಂತ ನಾವು ಬ್ರೌಸರ್‌ಗೋ ಮೇಲ್ ಪ್ರೋಗ್ರಾಮಿಗೋ ಹೇಳಿದಾಗ ಕಥೆ ಬೇರೆ. ಅದು ಸರ್ವರಿಗೆ ಪ್ರತಿಸಲ ನಿಜವಾದ ಪಾಸ್‌ವರ್ಡನ್ನೇ ಒಪ್ಪಿಸಬೇಕು. ಹಿಟ್ಟು ಕೊಟ್ಟರೆ ನಡೆಯಲ್ಲ, ಅಕ್ಕಿಯೇ ಬೇಕು. ಹಾಗಾಗಿ ಅದು ಪಾಸ್‌ವರ್ಡನ್ನು ಅರೆಯೋದಿಲ್ಲ, ಬೀಗ ಹಾಕಿಡುತ್ತೆ. ಬೀಗ ಅಂದಮೇಲೆ ಕೀ ಇರಬೇಕು. ನಿಮ್ಮನ್ನು ಏನೂ ಕೇಳದೆ ತಾನಾಗಿ ಬೀಗ ತೆಗೆಯುತ್ತೆ ಅಂದರೆ, ಆ ಕೀ ಕೂಡ ಅದೇ ಕಂಪ್ಯೂಟರಿನಲ್ಲಿ ಇದೆ ಅಂತಲೇ ಅರ್ಥ. ಊರಿಗೆ ಹೋಗುವಾಗ ಬಾಗಿಲಿಗೆ ಬೀಗ ಹಾಕಿ, ಕೀಯನ್ನು ಕರೆಂಟ್ ಮೀಟರ್ ಬಾಕ್ಸ್ ಮೇಲೆ ಇಟ್ಟು ಹೋಗ್ತಾರಲ್ಲ, ಹಾಗೆ.

ವಿಂಡೋಸ್‌ನಲ್ಲಿ ಈ ಕೀಯನ್ನು ನೋಡಿಕೊಳ್ಳೋಕೆ ಒಂದು ವ್ಯವಸ್ಥೆ ಇದೆ, ಹೆಸರು ಡಿಪಿಎಪಿಐ. ವಿಂಡೋಸ್ 2000ದ ಕಾಲದಿಂದ ಇದೆ. ಯಾವ ಪ್ರೋಗ್ರಾಮ್ ಬೇಕಾದರೂ ತನ್ನ ಗುಟ್ಟನ್ನು ಇದರ ಕೈಗೆ ಕೊಟ್ಟು ಬೀಗ ಹಾಕಿಸಬಹುದು. ಆ ಬೀಗ ನಿಮ್ಮ ವಿಂಡೋಸ್ ಲಾಗಿನ್‌ಗೆ ಕಟ್ಟಿಕೊಂಡಿರುತ್ತೆ. ಯಾರೋ ನಿಮ್ಮ ಹಾರ್ಡ್ ಡಿಸ್ಕ್ ಬಿಚ್ಚಿಕೊಂಡು ಹೋದರೆ, ನಿಮ್ಮ ಲಾಗಿನ್ ಪಾಸ್‌ವರ್ಡ್ ಗೊತ್ತಿಲ್ಲದೆ ತೆಗೆಯೋದು ಕಷ್ಟ. ಒಳ್ಳೆಯ ವ್ಯವಸ್ಥೆಯೇ. ಆದರೆ ನೀವು ಲಾಗಿನ್ ಆಗಿ ಕೂತಿರುವಾಗ? ಆಗ ನೀವು ಓಡಿಸಿದ ಯಾವುದೇ ಪ್ರೋಗ್ರಾಮ್ ಹೋಗಿ ‘ಇದರ ಬೀಗ ತೆಗೆದುಕೊಡಿ’ ಅಂತ ಕೇಳಿದರೆ, ವಿಂಡೋಸ್ ಸಾಮಾನ್ಯವಾಗಿ ತೆಗೆದುಕೊಡುತ್ತೆ. ಯಾಕಂದರೆ ಅದರ ಕಣ್ಣಿಗೆ ಆ ಪ್ರೋಗ್ರಾಮ್ ಅಂದರೆ ನೀವೇ. ನೀವು ಡಬಲ್ ಕ್ಲಿಕ್ ಮಾಡಿದ್ದೆಲ್ಲಾ ನಿಮ್ಮ ಹೆಸರಿನಲ್ಲೇ ಓಡುತ್ತೆ.

ಮೊಬೈಲ್‌ನಲ್ಲಿ ಹೀಗಿಲ್ಲ, ಗಮನಿಸಿ. ಆಂಡ್ರಾಯ್ಡ್ ಒಂದೊಂದು ಆ್ಯಪನ್ನೂ ಬೇರೆ ಬೇರೆ ಬಳಕೆದಾರರೋ ಎಂಬಂತೆ ನಡೆಸಿಕೊಳ್ಳುತ್ತೆ. ಒಂದರ ಕೋಣೆಗೆ ಇನ್ನೊಂದು ನುಗ್ಗುವ ಹಾಗಿಲ್ಲ. ಡೆಸ್ಕ್‌ಟಾಪ್ ಮಾತ್ರ ಹಳೇ ಕಾಲದ ಕೂಡುಕುಟುಂಬ. ಒಳಗೆ ಬಂದವರಿಗೆಲ್ಲ ಅಡುಗೆಮನೆ, ಉಗ್ರಾಣ ಎಲ್ಲಾ ತೆರೆದೇ ಇರುತ್ತೆ.

ಪಾಸ್‌ವರ್ಡ್ ಹುಡುಕಿಕೊಡುವ ಟೂಲ್ ಮಾಡುವ ಕೆಲಸ ಇಷ್ಟೇ. ಯಾವ ಪ್ರೋಗ್ರಾಮ್ ತನ್ನ ಗುಟ್ಟನ್ನು ಯಾವ ಫೈಲಿನಲ್ಲಿ ಇಡುತ್ತೆ ಅಂತ ಅದಕ್ಕೆ ಗೊತ್ತು. ಅಲ್ಲಿಗೆ ಹೋಗುತ್ತೆ, ಓದುತ್ತೆ, ಬೀಗ ತೆಗೆಸುತ್ತೆ, ಪಟ್ಟಿ ಮಾಡಿ ತೋರಿಸುತ್ತೆ. ಮಾಟಮಂತ್ರ ಏನಿಲ್ಲ.

ಈ ಕ್ಷೇತ್ರದಲ್ಲಿ ಬಹಳ ಹೆಸರಾದವರು ನಿರ್ ಸೋಫರ್ ಎಂಬ ಇಸ್ರೇಲಿ ಪ್ರೋಗ್ರಾಮರ್. ನಿರ್‌ಸಾಫ್ಟ್ ಹೆಸರಿನಲ್ಲಿ ಅವರು ಬರೆದಿರುವ ಪುಟ್ಟ ಪುಟ್ಟ ಟೂಲ್‌ಗಳನ್ನು ಕಂಪ್ಯೂಟರ್ ರಿಪೇರಿ ಮಾಡುವವರು, ಆಫೀಸುಗಳ ಐಟಿ ವಿಭಾಗದವರು ವರ್ಷಗಟ್ಟಲೆ ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡು ಓಡಾಡಿದ್ದಾರೆ. ನಮ್ಮಲ್ಲೂ ಒಬ್ಬರ ಹತ್ತಿರ ಆ ಪೆನ್‌ಡ್ರೈವ್ ಇನ್ನೂ ಇದೆ. ಮೇಲ್ ಪಾಸ್‌ವ್ಯೂ ಅನ್ನೋದು ಮೇಲ್ ಪಾಸ್‌ವರ್ಡ್ ತೋರಿಸುತ್ತೆ, ವೆಬ್‌ಬ್ರೌಸರ್‌ಪಾಸ್‌ವ್ಯೂ ಅನ್ನೋದು ಬ್ರೌಸರಿನದ್ದು. ದುಡ್ಡು ಕೊಡಬೇಕಿಲ್ಲ, ಇನ್‌ಸ್ಟಾಲ್ ಮಾಡಬೇಕಿಲ್ಲ. ಆಂಟಿವೈರಸ್ ಕಂಪನಿಗಳು ತನ್ನಂಥ ಸಣ್ಣ ಡೆವಲಪರ್‌ಗಳಿಗೆ ದೊಡ್ಡ ತಲೆನೋವಾಗಿವೆ ಅಂತ ಅವರು 2009ರಲ್ಲೇ ಬರೆದುಕೊಂಡಿದ್ದರು. ಅಳಿಸಿಹೋಗದಿರಲಿ ಅಂತ ಇಂಥ ಕೆಲವು ಟೂಲ್‌ಗಳನ್ನು ಪಾಸ್‌ವರ್ಡ್ ಹಾಕಿದ ಜಿಪ್ ಫೈಲಿನಲ್ಲಿ ಕೊಡುವ ಪರಿಸ್ಥಿತಿಯೂ ಬಂತು. ಪಾಸ್‌ವರ್ಡ್ ಹುಡುಕುವ ಟೂಲಿಗೇ ಒಂದು ಪಾಸ್‌ವರ್ಡ್!

ಪಾಪ ಅನ್ನಿಸುತ್ತೆ ಅಲ್ವಾ? ನಮಗೂ ಅನ್ನಿಸಿತ್ತು. ಈಗ ಇನ್ನೊಂದು ಕಡೆ ನೋಡೋಣ.

ನಾವಿರುವ ಜರ್ಮನಿಯಲ್ಲಿ ಎಮೊಟೆಟ್ ಅನ್ನೋ ಹೆಸರು ಕೇಳಿದರೆ ಐಟಿಯವರು ಈಗಲೂ ನಿಟ್ಟುಸಿರು ಬಿಡ್ತಾರೆ. 2014ರಲ್ಲಿ ಬ್ಯಾಂಕ್ ಖಾತೆಗೆ ಕನ್ನ ಹಾಕುವ ಕುತಂತ್ರಾಂಶವಾಗಿ ಶುರುವಾಗಿ, ಆಮೇಲೆ ಬೇರೆ ಕಳ್ಳರಿಗೆ ಬಾಗಿಲು ತೆಗೆದುಕೊಡುವ ದಂಧೆಯಾಗಿ ಬೆಳೆದದ್ದು ಅದು. 2019ರ ಸೆಪ್ಟೆಂಬರ್‌ನಲ್ಲಿ ಬರ್ಲಿನ್‌ನ ಕಾಮರ್‌ಗೆರಿಷ್ಟ್ ಎಂಬ ಉಚ್ಚ ನ್ಯಾಯಾಲಯಕ್ಕೆ ಇದು ಹೊಕ್ಕಿ, ಕೋರ್ಟಿನ ಕಂಪ್ಯೂಟರ್‌ಗಳನ್ನು ನೆಟ್‌ನಿಂದಲೇ ಕಿತ್ತುಹಾಕಬೇಕಾಯಿತು. ಎಮೊಟೆಟ್ ಹರಡುತ್ತಿದ್ದ ರೀತಿ ವಿಚಿತ್ರ. ನಿಮಗೆ ಪರಿಚಯದವರಿಂದಲೇ, ನಿಮ್ಮ ಹಳೆಯ ಮೇಲ್‌ಗೆ ಉತ್ತರ ಅನ್ನೋ ಹಾಗೇ ಒಂದು ಮೇಲ್ ಬರ್ತಿತ್ತು, ಜೊತೆಗೆ ಒಂದು ವರ್ಡ್ ಫೈಲ್. ಪರಿಚಯದವರ ಮೇಲ್ ಖಾತೆ ಅದಕ್ಕೆ ಸಿಕ್ಕಿದ್ದಾದರೂ ಹೇಗೆ?

2018ರ ಜುಲೈನಲ್ಲಿ ಅಮೆರಿಕದ ಸರ್ಕಾರಿ ಸೈಬರ್ ಭದ್ರತಾ ತಂಡ ಎಮೊಟೆಟ್ ಬಗ್ಗೆ ಒಂದು ಎಚ್ಚರಿಕೆ ಪ್ರಕಟಿಸಿತು. ಅದು ಹರಡಲು ಬಳಸುವ ಐದು ಭಾಗಗಳನ್ನು ಅದರಲ್ಲಿ ಪಟ್ಟಿ ಮಾಡಿದ್ದರು. ಆ ಐದರಲ್ಲಿ ಮೂರು ಯಾವುವು ಗೊತ್ತೇ? ನೆಟ್‌ಪಾಸ್, ವೆಬ್‌ಬ್ರೌಸರ್‌ಪಾಸ್‌ವ್ಯೂ, ಮೇಲ್ ಪಾಸ್‌ವ್ಯೂ. ಮೂರೂ ನಿರ್‌ಸಾಫ್ಟ್‌ನ ಟೂಲ್‌ಗಳೇ. ಕಳ್ಳರು ಹೊಸದಾಗಿ ಬರೆಯುವ ಕಷ್ಟ ತಗೊಂಡಿಲ್ಲ. ಚೆನ್ನಾಗಿ ಕೆಲಸ ಮಾಡುವುದು ಬಿಟ್ಟಿ ಸಿಗುವಾಗ ಯಾಕೆ ಬರೀಬೇಕು? ಹಾಕ್‌ಐ ಅನ್ನೋ ಇನ್ನೊಂದು ಕುತಂತ್ರಾಂಶ ಕೂಡ ಹೀಗೇ ಇವೇ ಎರಡು ಪಾಸ್‌ವ್ಯೂ ಟೂಲ್‌ಗಳನ್ನು ಹೊಟ್ಟೆಯೊಳಗೆ ಇಟ್ಟುಕೊಂಡು ಬರ್ತಿತ್ತು. ಐಟಿಯವರ ಅನುಕೂಲಕ್ಕೆ ಅಂತ ಈ ಟೂಲ್‌ಗಳಲ್ಲಿ ಒಂದು ಸೌಲಭ್ಯ ಇತ್ತು: ಪರದೆಯ ಮೇಲೆ ಏನೂ ತೋರಿಸದೆ, ಸಿಕ್ಕಿದ್ದನ್ನು ನೇರ ಒಂದು ಟೆಕ್ಸ್ಟ್ ಫೈಲಿಗೆ ಬರೆದುಬಿಡೋದು. ಕಳ್ಳನಿಗೆ ಇದಕ್ಕಿಂತ ಹೆಚ್ಚೇನು ಬೇಕು?

ಈಗ ನೀವೇ ಆಂಟಿವೈರಸ್ ಆಗಿ ಯೋಚಿಸಿ. ನಿಮ್ಮ ಮುಂದೆ ಒಂದು ಫೈಲ್ ಬಂದಿದೆ. ಹಾಸನದ ಮಗಳು ಅಪ್ಪನಿಗಾಗಿ ತಂದದ್ದೂ ಅದೇ ಫೈಲ್, ಎಮೊಟೆಟ್ ಬಸಿದು ಹಾಕಿದ್ದೂ ಅದೇ ಫೈಲ್. ಕೆಲವೊಮ್ಮೆ ಒಂದು ಬೈಟ್ ವ್ಯತ್ಯಾಸವೂ ಇಲ್ಲ. ವ್ಯತ್ಯಾಸ ಇರೋದು ಅದನ್ನು ಕರೆದವರು ಯಾರು ಅನ್ನೋದರಲ್ಲಿ. ಅದು ಫೈಲಿನೊಳಗೆ ಎಲ್ಲೂ ಬರೆದಿರಲ್ಲ.

ಆಂಟಿವೈರಸ್ ನೋಡೋದು ಬೇರೆ ವಿಷಯಗಳನ್ನು. ಗೊತ್ತಿರುವ ಫೈಲಿನ ಬೆರಳಚ್ಚು ಹೊಂದುತ್ತಾ ಅಂತ ಮೊದಲು ನೋಡುತ್ತೆ. ಒಂದು ಬೈಟ್ ಬದಲಿಸಿದರೂ ಇಡೀ ಫೈಲಿನ ಬೆರಳಚ್ಚು ಬದಲಾಗುವುದರಿಂದ, ಒಳಗಿನ ತುಣುಕುಗಳನ್ನೂ ಹೋಲಿಸುತ್ತೆ. ಆಮೇಲೆ ನಡವಳಿಕೆ. ಇದು ಬೀಗ ತೆಗೆಸುವ ಸೌಲಭ್ಯವನ್ನು ಕರೆಯುತ್ತಿದೆಯಾ? ಬ್ರೌಸರ್ ಅಲ್ಲದ ಪ್ರೋಗ್ರಾಮಿಗೆ ಬ್ರೌಸರಿನ ಪಾಸ್‌ವರ್ಡ್ ಫೈಲ್ ಇರುವ ಜಾಗ ಹೇಗೆ ಗೊತ್ತು? ಇದನ್ನು ಬರೆದವರ ಡಿಜಿಟಲ್ ಸಹಿ ಇದೆಯಾ? ಫೈಲನ್ನು ಒಳಗೆ ಏನಿದೆ ಅಂತ ಕಾಣದ ಹಾಗೆ ಕುಗ್ಗಿಸಿ ಪ್ಯಾಕ್ ಮಾಡಿದ್ದಾರಾ? ಚಿಕ್ಕದಾಗಿರಲಿ ಅಂತ ಪ್ರಾಮಾಣಿಕ ಡೆವಲಪರ್ ಕೂಡ ಪ್ಯಾಕ್ ಮಾಡ್ತಾನೆ, ಅವಿತುಕೊಳ್ಳೋಕೆ ಕಳ್ಳನೂ ಮಾಡ್ತಾನೆ. ಈ ಪ್ರಶ್ನೆಗಳಿಗೆ ನಮ್ಮ ಟೂಲ್ ಕೊಡುವ ಉತ್ತರಗಳೆಲ್ಲ ಕಳ್ಳನ ಉತ್ತರಗಳ ಹಾಗೇ ಇರ್ತವೆ. ಯಾಕಂದರೆ ಕೆಲಸ ಒಂದೇ.

ಇದಕ್ಕೆ ಸಹವಾಸದೋಷವೂ ಸೇರಿಕೊಳ್ಳುತ್ತೆ. ಈಗಿನ ಆಂಟಿವೈರಸ್‌ಗಳು ಕಳ್ಳ ಫೈಲು, ಒಳ್ಳೆ ಫೈಲು ಅಂತ ವಿಂಗಡಿಸಿದ ದೊಡ್ಡ ರಾಶಿಯನ್ನು ನೋಡಿ ಕಲಿಯುತ್ತವೆ. ಕಳ್ಳರ ಚೀಲದಲ್ಲಿ ಪದೇ ಪದೇ ಈ ಟೂಲ್ ಸಿಕ್ಕರೆ, ಟೂಲಿನ ತುಣುಕುಗಳೇ ಕಳ್ಳತನದ ಲಕ್ಷಣ ಅಂತ ಕಲಿತುಬಿಡುತ್ತವೆ. ಅದು ಸಾಲದು ಅಂತ, ಒಬ್ಬರನ್ನು ನೋಡಿ ಇನ್ನೊಬ್ಬರು. ಕ್ಯಾಸ್ಪರ್‌ಸ್ಕಿ ಕಂಪನಿಯವರು ಒಂದು ಪ್ರಯೋಗ ಮಾಡಿ 2010ರಲ್ಲಿ ಅದನ್ನು ಬಹಿರಂಗಪಡಿಸಿದರು. ಯಾವ ಕೇಡೂ ಇಲ್ಲದ 20 ಫೈಲ್‌ಗಳನ್ನು ತಯಾರಿಸಿ, ಅವುಗಳಲ್ಲಿ 10ನ್ನು ಮಾತ್ರ ಬೇಕಂತಲೇ ತಮ್ಮ ಆಂಟಿವೈರಸ್ ಅಪಾಯ ಅನ್ನುವ ಹಾಗೆ ಮಾಡಿ, ಎಲ್ಲವನ್ನೂ ವೈರಸ್‌ಟೋಟಲ್‌ಗೆ ಹಾಕಿದರು. ಒಂದೇ ಫೈಲನ್ನು ಹತ್ತಾರು ಆಂಟಿವೈರಸ್‌ಗಳಿಂದ ಪರೀಕ್ಷೆ ಮಾಡಿಸುವ ಸೇವೆ ಅದು. ಹತ್ತು ದಿನ ಕಳೆಯುವಷ್ಟರಲ್ಲಿ ಆ 10 ಫೈಲ್‌ಗಳನ್ನು 14 ಬೇರೆ ಕಂಪನಿಗಳವರೆಗೆ ಅಪಾಯ ಅಂತ ಗುರುತಿಸತೊಡಗಿದವು. ಹಾಗಾಗಿ ‘ವೈರಸ್‌ಟೋಟಲ್‌ನಲ್ಲಿ ನಲವತ್ತು ಜನ ಕೆಟ್ಟದ್ದು ಅಂತಿದ್ದಾರೆ’ ಅಂದಾಗ, ಅವು ನಲವತ್ತು ಸ್ವತಂತ್ರ ಸಾಕ್ಷಿಗಳು ಅಂದುಕೊಳ್ಳಬೇಡಿ.

ಲಾಭನಷ್ಟದ ಲೆಕ್ಕವೂ ಇದೆ. ಕಳ್ಳನನ್ನು ಬಿಟ್ಟರೆ ಗ್ರಾಹಕ ದುಡ್ಡು ಕಳೆದುಕೊಂಡು ಕಂಪನಿಗೆ ಶಾಪ ಹಾಕ್ತಾನೆ. ಬೀಗ ರಿಪೇರಿಯವನನ್ನು ತಡೆದರೆ? ಯಾರೋ ಒಬ್ಬರು ಗೊಣಗಾಡಿ ಸುಮ್ಮನಾಗ್ತಾರೆ. ಮೇಲಾಗಿ, ಒಂದು ಆಫೀಸಿನ ಅಕೌಂಟ್ಸ್ ವಿಭಾಗದ ಕಂಪ್ಯೂಟರಿನಲ್ಲಿ ಮಧ್ಯರಾತ್ರಿ ಮೇಲ್ ಪಾಸ್‌ವ್ಯೂ ಓಡಿದರೆ ಅಲ್ಲಿನ ಐಟಿಯವರಿಗೆ ಅದು ತಿಳಿಯಲೇಬೇಕು. ಆ ಟೂಲ್ ವೈರಸ್ ಅಲ್ಲ ಅನ್ನೋದು ಅವರಿಗೆ ಸಮಾಧಾನದ ಮಾತೇನಲ್ಲ. ಹಾಗಾಗಿ ಆಂಟಿವೈರಸ್ ಕೂಗೋದೇ ಸರಿ ಅನ್ನೋದು ನಮ್ಮ ಅಭಿಪ್ರಾಯ. ಕೂಗುವ ರೀತಿ ಸರಿಯಿಲ್ಲ. ‘ಇದು ಪಾಸ್‌ವರ್ಡ್ ಓದುವ ಟೂಲ್, ನೀವೇ ತಂದಿರಾ?’ ಅಂತ ಕೇಳಿದ್ದರೆ ಸಾಕಿತ್ತು. ಅದನ್ನು ಬಿಟ್ಟು ಎಲ್ಲದಕ್ಕೂ ಒಂದೇ ಕೆಂಪು ಕಿಟಕಿ.

ನಿಜ ಹೇಳಬೇಕೆಂದರೆ ಆ ವಿಷಯವನ್ನು ಅವು ಹೇಳ್ತವೆ, ಆದರೆ ನಾವು ಓದದ ಜಾಗದಲ್ಲಿ. ಎಚ್ಚರಿಕೆಯ ಕಿಟಕಿಯಲ್ಲಿ ಚಿಕ್ಕ ಅಕ್ಷರದಲ್ಲಿ ಒಂದು ಹೆಸರು ಇರುತ್ತೆ ನೋಡಿ. ಅಲ್ಲಿ ‘ಹ್ಯಾಕ್‌ಟೂಲ್’ ಅಥವಾ ‘ರಿಸ್ಕ್‌ವೇರ್’ ಅಂತಿದ್ದರೆ, ‘ಇದು ಉಪಕರಣ, ದುರುಪಯೋಗ ಆಗಬಹುದು’ ಅಂತ ಅರ್ಥ. ಕ್ಯಾಸ್ಪರ್‌ಸ್ಕಿಯವರಂತೂ ಇಂಥ ಟೂಲ್‌ಗಳ ಹೆಸರಿನ ಹಿಂದೆ ‘ನಾಟ್ ಎ ವೈರಸ್’ ಅಂತಲೇ ಅಂಟಿಸ್ತಾರೆ. ವೈರಸ್ ಅಲ್ಲ ಅಂತ ಬರೆದೇ ವೈರಸ್ ಥರ ಎಚ್ಚರಿಸೋದು! ‘ಟ್ರೋಜನ್’, ‘ಸ್ಟೀಲರ್’ ಅಂತಿದ್ದರೆ ಮಾತು ಬೇರೆ, ಅಲ್ಲಿಗೆ ನಿಲ್ಲಿಸಿ.

ಈ ಗೊಂದಲ ಕಾನೂನಿಗೂ ಬಿಟ್ಟಿಲ್ಲ. ಇಲ್ಲಿ ಜರ್ಮನಿಯಲ್ಲಿ 2007ರಲ್ಲಿ ದಂಡಸಂಹಿತೆಗೆ 202ಸಿ ಅನ್ನೋ ಕಲಮು ಸೇರಿಸಿ, ಡೇಟಾ ಕದಿಯುವ ಉದ್ದೇಶದ ಪ್ರೋಗ್ರಾಮ್‌ಗಳನ್ನು ಮಾಡೋದು, ಹಂಚೋದು ಅಪರಾಧ ಅಂದರು. ಭದ್ರತಾ ತಜ್ಞರು ಗಾಬರಿಯಾದರು, ನಮ್ಮ ದಿನನಿತ್ಯದ ಉಪಕರಣಗಳ ಗತಿ ಏನು ಅಂತ. 2009ರಲ್ಲಿ ಸಾಂವಿಧಾನಿಕ ನ್ಯಾಯಾಲಯ, ಎರಡು ಬಗೆಯಲ್ಲೂ ಬಳಕೆಯಾಗಬಲ್ಲ ಟೂಲ್‌ಗಳು ಈ ಕಲಮಿನ ಕೆಳಗೆ ಬರೋದಿಲ್ಲ ಅಂತ ಸ್ಪಷ್ಟಪಡಿಸಿತು. ನ್ಯಾಯಾಲಯಕ್ಕೆ ಉದ್ದೇಶ ಏನು ಅಂತ ಕೇಳುವ ಅವಕಾಶ ಇದೆ. ಆಂಟಿವೈರಸ್‌ಗೆ ಅರ್ಧ ಸೆಕೆಂಡಿನಲ್ಲಿ ತೀರ್ಪು ಕೊಡಬೇಕು.

ಬ್ರೌಸರ್‌ನವರೂ ಸುಮ್ಮನೆ ಕೂತಿಲ್ಲ. ಕ್ರೋಮ್ ವಿಂಡೋಸ್‌ನಲ್ಲಿ ಬಹಳ ವರ್ಷ ಆ ಡಿಪಿಎಪಿಐ ಬೀಗವನ್ನೇ ನಂಬಿಕೊಂಡಿತ್ತು. 2024ರಲ್ಲಿ, 127ನೇ ಆವೃತ್ತಿಯಿಂದ, ಕೀಯನ್ನು ಕ್ರೋಮ್ ಪ್ರೋಗ್ರಾಮಿಗೇ ಕಟ್ಟಿಹಾಕುವ ಕೆಲಸ ಶುರುಮಾಡಿದರು, ಮೊದಲು ಕುಕೀಗಳಿಗೆ. ಕಳ್ಳರು ಅದಕ್ಕೂ ದಾರಿ ಹುಡುಕಿಕೊಂಡರು ಅನ್ನಿ. ಆದರೆ ಈಗ ಅವರು ಹೆಚ್ಚು ಸದ್ದು ಮಾಡಬೇಕು, ಸದ್ದಾದರೆ ಆಂಟಿವೈರಸ್‌ಗೆ ಹಿಡಿಯೋದು ಸುಲಭ.

ಸರಿ, ನಿಮಗೂ ಇಂಥ ಸಂದರ್ಭ ಬಂದರೆ ಏನು ಮಾಡೋದು? ಮೊದಲು, ಟೂಲ್ ಬೇಕೇ ಬೇಕಾ ಅಂತ ನೋಡಿ. ಬ್ರೌಸರಿನ ಸೆಟ್ಟಿಂಗ್ಸ್‌ನಲ್ಲೇ ಉಳಿಸಿಟ್ಟ ಪಾಸ್‌ವರ್ಡ್ ನೋಡಬಹುದು. ವೈಫೈ ಪಾಸ್‌ವರ್ಡನ್ನು ವಿಂಡೋಸ್‌ನ ನೆಟ್‌ಶೆಲ್ ಅನ್ನೋ ಕಮಾಂಡೇ ತೋರಿಸಿಬಿಡುತ್ತೆ. ಮಾಡುವ ಕೆಲಸ ಅದೇ, ಆದರೆ ಅದು ಮೈಕ್ರೋಸಾಫ್ಟ್‌ನದು, ಹಾಗಾಗಿ ಯಾರೂ ಕೂಗಲ್ಲ.

ಟೂಲ್ ಬೇಕೇ ಬೇಕು ಅಂದರೆ, ಬರೆದವರ ಸ್ವಂತ ಜಾಲತಾಣದಿಂದ ಮಾತ್ರ ತಗೊಳ್ಳಿ. ಇದನ್ನು ನಾವು ಪೆಟ್ಟು ತಿಂದು ಕಲಿತಿದ್ದು. ನಮ್ಮ ತಂಡದ ಒಬ್ಬರು ಹಿಂದೊಮ್ಮೆ ಆಂಟಿವೈರಸ್ ಆಫ್ ಮಾಡಿ, ಹುಡುಕಿದಾಗ ಮೊದಲು ಬಂದ ಯಾವುದೋ ಡೌನ್‌ಲೋಡ್ ತಾಣದಿಂದ ಇಂಥದ್ದೊಂದು ಟೂಲ್ ಇಳಿಸಿದರು. ಟೂಲೇನೋ ಬಂತು, ಜೊತೆಗೆ ಜಾಹೀರಾತು ಕಕ್ಕುವ ಮೂರು ಪ್ರೋಗ್ರಾಮ್‌ಗಳೂ ಬಂದವು. ಒಂದು ವಾರಾಂತ್ಯ ವಿಂಡೋಸ್ ಮರುಸ್ಥಾಪನೆಗೆ ಹೋಯಿತು. ‘ಆಂಟಿವೈರಸ್ ಇದನ್ನು ಸುಮ್ಮಸುಮ್ಮನೆ ತಡೆಯುತ್ತೆ, ಆಫ್ ಮಾಡಿಕೊಳ್ಳಿ’ ಅಂತ ಕಳ್ಳರೂ ಬರೆದಿರ್ತಾರೆ ಅನ್ನೋದು ಮರೀಬೇಡಿ. ಆ ಮಾತು ನಿಜವೂ ಆಗಿರುವುದರಿಂದಲೇ ಜನ ನಂಬ್ತಾರೆ.

ಹಾಗಾಗಿ ಇಡೀ ಆಂಟಿವೈರಸ್ ಆಫ್ ಮಾಡಬೇಡಿ, ಆ ಒಂದು ಫೈಲಿಗೆ ಮಾತ್ರ ಅನುಮತಿ ಕೊಡಿ. ನೆಟ್ ಕಿತ್ತು ಓಡಿಸಿ, ಪಾಸ್‌ವರ್ಡ್ ಕಾಗದದ ಮೇಲೆ ಬರೆದುಕೊಳ್ಳಿ. ಟೂಲ್ ಅಳಿಸಿ, ಕೊಟ್ಟ ಅನುಮತಿ ವಾಪಸ್ ತಗೊಂಡ ಮೇಲೆ ನೆಟ್ ಹಾಕಿ. ಕಂಪ್ಯೂಟರ್ ನಿಮ್ಮದಾಗಿರಬೇಕು, ಅಥವಾ ಅದರ ಯಜಮಾನರು ಒಪ್ಪಿರಬೇಕು. ಭಾರತದಲ್ಲಿ ಒಪ್ಪಿಗೆ ಇಲ್ಲದೆ ಮಾಡಿದರೆ 2000ದ ಐಟಿ ಕಾಯ್ದೆಯ 43, 66ನೇ ಸೆಕ್ಷನ್‌ಗಳು ಕಾಯ್ತಿರ್ತವೆ. ಗಂಡನ ಮೇಲ್, ಹೆಂಡತಿಯ ಮೇಲ್ ಅಂತ ಅದಕ್ಕೆ ರಿಯಾಯಿತಿ ಇಲ್ಲ.

ಇನ್ನೊಂದು ಮಾತನ್ನು ದಯವಿಟ್ಟು ಗಮನವಿಟ್ಟು ಕೇಳಿ. ನೀವು ಯಾವ ಟೂಲನ್ನೂ ಡೌನ್‌ಲೋಡ್ ಮಾಡಿಲ್ಲ, ಆದರೂ ಒಂದು ದಿನ ಆಂಟಿವೈರಸ್ ‘ಹ್ಯಾಕ್‌ಟೂಲ್, ಪಾಸ್‌ವರ್ಡ್ ವ್ಯೂವರ್ ಸಿಕ್ಕಿದೆ’ ಅಂತು ಅನ್ನಿ. ‘ಓ, ಇದು ಬರೀ ಉಪಕರಣ, ವೈರಸ್ ಅಲ್ಲ ಅಂತ ಪಾಡ್‌ಕಾಸ್ಟ್‌ನಲ್ಲಿ ಹೇಳಿದ್ದರು’ ಅಂತ ಸುಮ್ಮನಾಗಬೇಡಿ. ನೀವು ಕರೆಯದೆ ಬೀಗ ರಿಪೇರಿಯವನು ನಿಮ್ಮ ಮನೆಯೊಳಗೆ ನಿಂತಿದ್ದಾನೆ ಅಂದರೆ ಅವನನ್ನು ಬೇರೆ ಯಾರೋ ಕರೆದಿದ್ದಾರೆ. ಆ ಕಂಪ್ಯೂಟರಿನ ನೆಟ್ ಕಿತ್ತುಹಾಕಿ, ಬೇರೊಂದು ಕಂಪ್ಯೂಟರಿನಿಂದ ಮೇಲ್ ಮತ್ತು ಬ್ಯಾಂಕ್ ಪಾಸ್‌ವರ್ಡ್‌ಗಳನ್ನು ಅವತ್ತೇ ಬದಲಿಸಿ. ಕೆಂಪು ಕಿಟಕಿಯಲ್ಲಿರುವ ಹೆಸರು ಎರಡೂ ಸಲ ಒಂದೇ ಇರಬಹುದು. ಅದರ ಅರ್ಥ ಯಾವುದು ಅಂತ ಗೊತ್ತಿರೋದು ನಿಮಗೊಬ್ಬರಿಗೇ.

ಹಾಸನದ ಕಥೆ ಏನಾಯ್ತು ಅಂತ ಕೇಳ್ತೀರಿ. ಭಾನುವಾರ ಫೋನ್ ಮಾಡಿ, ಇದನ್ನೆಲ್ಲಾ ಅರ್ಧ ಗಂಟೆ ವಿವರಿಸಿದ ಮೇಲೆ, ಮೊದಲೇ ಕೇಳಬೇಕಾಗಿದ್ದ ಪ್ರಶ್ನೆ ಕೇಳಿದೆವು: ‘ಮೇಲ್ ಬರ್ತಿರೋದು ಯಾವ ಪ್ರೋಗ್ರಾಮಿನಲ್ಲಿ?’ ‘ಥಂಡರ್‌ಬರ್ಡ್’ ಅಂದರು. ನಾವು ತಲೆ ಚಚ್ಚಿಕೊಂಡೆವು. ಥಂಡರ್‌ಬರ್ಡ್‌ನಲ್ಲಿ ಸೆಟ್ಟಿಂಗ್ಸ್, ಪ್ರೈವಸಿ, ಉಳಿಸಿಟ್ಟ ಪಾಸ್‌ವರ್ಡ್‌ಗಳು ಅಂತ ಹೋದರೆ ‘ಪಾಸ್‌ವರ್ಡ್ ತೋರಿಸು’ ಅನ್ನೋ ಬಟನ್ನೇ ಇದೆ. ಪ್ರೈಮರಿ ಪಾಸ್‌ವರ್ಡ್ ಅಂತ ಒಂದನ್ನು ಮೊದಲೇ ಹಾಕಿಟ್ಟಿದ್ದರೆ ಅದನ್ನು ಕೇಳುತ್ತಿತ್ತು. ಅವರ ತಂದೆ ಹಾಕಿರಲಿಲ್ಲ, ಹೆಚ್ಚಿನವರು ಹಾಕಲ್ಲ. ಹಾಗಿದ್ದಾಗ ಬೀಗ ಒಂದು ಫೈಲಿನಲ್ಲಿ, ಕೀ ಅದೇ ಫೋಲ್ಡರಿನ ಪಕ್ಕದ ಫೈಲಿನಲ್ಲಿ. ನಾಲ್ಕು ಕ್ಲಿಕ್, ಚುಕ್ಕಿಗಳು ಅಕ್ಷರಗಳಾದವು. ಆಂಟಿವೈರಸ್ ಚಕಾರ ಎತ್ತಲಿಲ್ಲ.

ಫೋನಿನಲ್ಲಿ ಸ್ವಲ್ಪ ಹೊತ್ತು ಮೌನ, ಆಮೇಲೆ ನಗು. ಪಾಸ್‌ವರ್ಡ್ ಅವರ ಮನೆಯ ಹಳೇ ಸ್ಕೂಟರಿನ ನಂಬರ್ ಆಗಿತ್ತಂತೆ. ಎಷ್ಟೋ ವರ್ಷದ ಹಿಂದೆ ಮಾರಿದ್ದು, ಅವರನ್ನು ಶಾಲೆಗೆ ಬಿಡ್ತಿದ್ದದ್ದು. ಕೂಗಿ ಹೇಳಿದಾಗ ಒಳಗಿಂದ ಅಪ್ಪ ಕೊನೆಯ ಎರಡು ಅಂಕಿಗಳನ್ನು ತಾವೇ ಪೂರ್ತಿ ಮಾಡಿದರಂತೆ. ಬ್ಯಾಂಕಿನ ಖಾತೆಗೂ ಅದೇ ಪಾಸ್‌ವರ್ಡ್ ಇಟ್ಟಿದ್ದು ಆಮೇಲೆ ಗೊತ್ತಾಯ್ತು. ಈಗ ಒಂದೊಂದಾಗಿ ಬದಲಿಸ್ತಾ ಕೂತಿದ್ದಾರೆ, ಇನ್ನೂ ಒಂಬತ್ತು ದಿನ ರಜೆ ಇದೆ.